ಉಂಗುರದೊಳಗಿನ ಸವೆದ ತ್ರಿಶೂಲ

ಹತ್ತೊಂಬತ್ತುನೂರ ಅರವತ್ತೊಂದರ ನಾಗರಪಂಚಮಿ. ಶಿಗ್ಗಾಂವಿಯಿಂದ ತಿಳವಳ್ಳಿಯ ತವರಿಗೆ ಬಂದಿದ್ದ ಸರೋಜವ್ವ ಶೇಂಗಾದ ಉಂಡಿ ತಿನ್ನುವುದನ್ನು ನಡುವೆಯೇ ನಿಲ್ಲಿಸಿ, ಅಣ್ಣನ ಹೆಂಡತಿ ಮಾದೇವಿಯ ಬೆರಳನ್ನು ದಿಟ್ಟಿಸಿದಳು.

"ವೈನಿ, ಈ ಉಂಗರ ಅವ್ವನ ಸಂಗಾಟ ಮಣ್ಣಿಗೆ ಹೋತಲ್ಲ?"

"ಅದಲ್ಲವ್ವಾ. ಮಾವ ಎರಡು ಮಾಡಿಸಿದ್ರಂತ. ಒಂದು ಅತ್ತಿ ಹಾಕ್ಕೊಂಡ್ರು, ಇನ್ನೊಂದು ಸೊಸಿಗಂತ ಪೆಟ್ಟಿಗ್ಯಾಗ ಇಟ್ಟಿದ್ರು. ನಿಮ್ಮಣ್ಣ ಕೊಟ್ಟಾರ."

"ಎರಡಿದ್ದದ್ದು ನಾ ಎಂದೂ ಕೇಳಿಲ್ಲ." ಸರೋಜವ್ವನ ದನಿ ಇಳಿಯಿತು. "ನೀ ಈ ಮನಿಗೆ ಬರೂ ಮೊದಲ, ಅವ್ವನ ಹೆಣದ ಮೈ ತೊಳಿಯುವಾಗ ನಾನ ಉಂಗರ ಜಗ್ಗಿದ್ದೆ. ಬೆರಳ ಬಾತಿತ್ತು, ಬರಲಿಲ್ಲ. ಬಿಡು, ಅವ್ವನ ಸಂಗಾಟ ಹೋಗ್ಲಿ ಅಂದಾಂವ ಅಣ್ಣ. ಆಮ್ಯಾಲ ಅವ್ವನ ಕೈಗೆ ಅರಿವಿ ಸುತ್ತಿದಾಂವನೂ ಅವನ."

ಮಾದೇವಿ ಬೆರಳನ್ನು ಸೆರಗಿನೊಳಗೆ ಎಳೆದುಕೊಂಡಳು. ಏಳು ತಿಂಗಳ ಬಸುರಿ ಅವಳು. ಹೆಣದ ಬೆರಳಿನ ಬಂಗಾರ ಬಸುರಿಯ ಬೆರಳಿಗೆ! ಗಂಡ ಕರಬಸಪ್ಪ ಸಂತೆಯಲ್ಲಿ ಬದನೆಕಾಯಿಯ ತೂಕಕ್ಕೂ ಜಗಳ ತೆಗೆಯುವ ಜಿಪುಣ, ನಿಜ. ಆದರೆ ಸತ್ತವಳು ಹೆತ್ತ ತಾಯಿಯಲ್ಲವೇ? ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ಇಲ್ಲಿ ಕಂಡವರೇ ಇರಲಿಲ್ಲ. ಸಾಬೂನು ಹಚ್ಚಿ ಉಂಗುರ ತೆಗೆದು ನೋಡಿದರು. ಒಳಗೆ ಏನೋ ಗೀರು ಇದ್ದಂತಿತ್ತು, ಗುರುತು ಹತ್ತಲಿಲ್ಲ.

ಮರುದಿನ ದವಾಖಾನೆಯ ನೆವ ಹೇಳಿ ಇಬ್ಬರೂ ಹಾನಗಲ್ಲಿಗೆ ಹೋದರು. ಅಲ್ಲಿಯ ಅಕ್ಕಸಾಲಿ, ಮುದುಕ ಪತ್ತಾರ, ಉಂಗುರದ ಒಳಮೈಯನ್ನು ದೀಪದ ಹೊಗೆಗೆ ಹಿಡಿದು ಕಪ್ಪು ಮಾಡಿದ. ಆಮೇಲೆ ಬಟ್ಟೆಯಿಂದ ಮೆಲ್ಲಗೆ ಒರೆಸಿದ. ಸವೆದ ಗೆರೆಗಳಲ್ಲಷ್ಟೇ ಮಸಿ ಉಳಿಯಿತು.

"ತ್ರಿಶೂಲ. ಸವಣೂರ ಪತ್ತಾರರ ಮುದ್ರಿ ಇದು," ಎಂದ.

"ಅವ್ವನ ಉಂಗರನೂ ಸವಣೂರದ್ದ," ಎಂದಳು ಸರೋಜವ್ವ.

ಎರಡೂ ಒಟ್ಟಿಗೆ ಮಾಡಿಸಿದ್ದಾದರೆ ಮುದ್ರೆಯೂ ಒಂದೇ ಇದ್ದೀತು. ಮಾದೇವಿ ಆ ಆಸೆಗೆ ಜೋತುಬಿದ್ದಳು. "ಇದು ಪೆಟ್ಟಿಗ್ಯಾಗ ಇತ್ತರಿ, ಯಾರೂ ಹಾಕ್ಕೊಂಡಿಲ್ಲ."

"ಪೆಟ್ಟಿಗ್ಯಾಗಿನ ಉಂಗರದ ಮುದ್ರಿ ಹಿಂಗ ಸವಿಯೂದಿಲ್ಲವ್ವಾ. ಇದನ್ನ ಯಾರೋ ಜನ್ಮಪೂರ್ತಿ ಹಾಕ್ಕೊಂಡಾರ." ಮುದುಕ ಉಂಗುರವನ್ನು ಬೆಳಕಿಗೆ ಹಿಡಿದ. "ಮತ್ತ ಇಲ್ಲಿ ನೋಡು, ತ್ರಿಶೂಲದ ನಟ್ಟನಡುವ ಬೆಸುಗಿ ಐತಿ. ಕಡದು, ಮತ್ತ ಕೂಡಿಸ್ಯಾರ. ಬೆರಳ ಬಾತು ಉಂಗರ ಬರದಿದ್ರ ಹಿಂಗ ಅಂಗೈ ಕಡೆಯಿಂದ ಕಡೀತಾರ."

ಸರೋಜವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬಸ್‌ಸ್ಟ್ಯಾಂಡಿನಲ್ಲಿ ಶಿಗ್ಗಾಂವಿಯ ಬಸ್ಸು ನಿಂತಿತ್ತು. "ಆ ಮನಿ ಹೊಸ್ತಲ ನಾ ಇನ್ನ ತುಳಿಯೂದಿಲ್ಲ," ಎಂದು ಅತ್ತು, ಹತ್ತಿ ಹೋಗಿಬಿಟ್ಟಳು. ಅವಳಿಗೆ ಹೋಗಲು ಇನ್ನೊಂದು ಮನೆಯಿತ್ತು.

ಮಾದೇವಿ ಒಬ್ಬಳೇ ಉಳಿದಳು. ಬರಿಬೆರಳು ಕಂಡರೆ ಗಂಡ ಕೇಳುತ್ತಾನೆ, ಏನು ಹೇಳಲಿ? ಉಂಗುರವನ್ನು ಮತ್ತೆ ಬೆರಳಿಗೆ ತುರುಕಿಕೊಂಡಳು. ತಿಳವಳ್ಳಿ ಬಸ್ಸಿನ ಸೆಕೆಯಲ್ಲಿ ಕೈಕಾಲು ಬಾತವು. ಉಂಗುರ ಮಾಂಸದೊಳಗೆ ಹೂತಂತಾಯಿತು. ಮನೆಗೆ ಬಂದವಳೇ ಬಚ್ಚಲಿಗೆ ಹೋಗಿ ಸಾಬೂನು ಹಚ್ಚಿದಳು, ಎಣ್ಣೆ ಹಚ್ಚಿದಳು. ಬರಲಿಲ್ಲ. ಹೊಟ್ಟೆಯಲ್ಲಿ ಕೂಸು ಒದೆಯಿತು.

ಬಾಗಿಲಲ್ಲಿ ಕರಬಸಪ್ಪ ನಿಂತಿದ್ದ.

"ಯಾಕ ಹಂಗ ಜಗ್ಗಾಕತ್ತಿ?"

"ಬೆರಳ... ಬಾತೈತ್ರಿ. ಬರವಲ್ದು."

ಅವನು ಪಕ್ಕದಲ್ಲಿ ಕುಳಿತು ಅವಳ ಕೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡ. ಸಿಟ್ಟಿರಲಿಲ್ಲ, ಅಕ್ಕರೆಯೇ ಇತ್ತು. ಎಲೆಯಡಿಕೆ ಚೀಲದಿಂದ ಅಡಕತ್ತರಿ ತೆಗೆದು, ಅದರ ಬಾಯನ್ನು ಧೋತರಕ್ಕೆ ಒರೆಸಿದ. ಅಲಗಿನಲ್ಲಿ ಒಂದು ಸಣ್ಣ ಮುಕ್ಕಿತ್ತು.

"ಅಂಜಬ್ಯಾಡ," ಎಂದ. "ಬಾತ ಬೆರಳಿಂದ ಹೆಂಗ ತಗೀಬೇಕು, ನನಗ ಗೊತ್ತೈತಿ."