ನನ್ನ ಮೈಗೆ ಮತ್ತೆ ಕಪ್ಪು ಬಂದದ್ದು

ನಾನೊಂದು ನಾನ್‌ಸ್ಟಿಕ್ ತವಾ. ಕಾರ್ಖಾನೆಯೊಂದರಲ್ಲಿ ಬರೀ ಅಲ್ಯೂಮಿನಿಯಂ ತಟ್ಟೆಯಾಗಿ ಹುಟ್ಟಿ, ಕಪ್ಪು ಲೇಪ ಹೊದ್ದ ದಿನ ರಾಜಕುಮಾರಿಯಾದೆ. ಯಾರನ್ನೂ ಅಂಟಿಸಿಕೊಳ್ಳದಿರುವುದೇ ನನ್ನ ಕುಲದ ಗತ್ತು.

ಅಂಥವಳನ್ನು ಸರ್ವಮಂಗಳಾ ಎಂಬಾಕೆ ಕೊಂಡಳು. ಸ್ಟೀಲು ಬಿಂದಿಗೆಗೆ ಕೊರೆಸುವಂತೆ ನನ್ನ ಬೆನ್ನಿಗೂ ತನ್ನ ಹೆಸರು ಕೊರೆಸಿ, ತಿಪಟೂರಿನಲ್ಲಿದ್ದ ತಮ್ಮನ ಹೆಂಡತಿ ಪಂಕಜಳಿಗೆ ಗೃಹಪ್ರವೇಶದ ದಿನ ಕೊಟ್ಟಳು.

"ಮರದ ಸೌಟೇ ಬಳಸ್ಬೇಕು ಕಣೇ. ನಿನ್ ಕೈಲಿ ಯಾವ್ದು ತಾನೇ ಬಾಳಿಕೆ ಬಂದಿದೆ!" ಎಂದಳು, ನೆಂಟರೆಲ್ಲರ ಎದುರಿಗೆ. ಎಲ್ಲರೂ ನಕ್ಕರು. ಪಂಕಜ ತಲೆ ತಗ್ಗಿಸಿದಳು.

ಮರದ ಸೌಟು ಬಂತು, ನಿಜ. ಬಂದದ್ದೇ ಉಪ್ಪಿನಕಾಯಿ ಜಾಡಿಗಿಳಿಯಿತು. ನನ್ನ ಪಾಲಿಗೆ ಸ್ಟೀಲಿನ ಮಗುಚೋ ಕೈಯೇ ಗತಿ. ವರ್ಷ ತುಂಬುವುದರೊಳಗೆ ನನ್ನ ಮೈ ಬೆಕ್ಕು ಪರಚಿದ ಗೋಡೆಯಂತಾಯಿತು.

ಆಗ ಫೋನು ಬಂತು. "ಭಾನುವಾರ ಬರ್ತಿದೀನಿ. ನಾನ್ ಕೊಟ್ಟ ತವಾದಲ್ಲೇ ದೋಸೆ ಹಾಕ್ಕೊಡ್ಬೇಕು."

"ಅಂಥದೇ ಹೊಸದು ತಂದ್ರಾಯ್ತಪ್ಪ," ಎಂದ ಗಂಡ.

"ಬೆನ್ ಮೇಲೆ ನಿಮ್ಮಕ್ಕನ ಹೆಸ್ರಿದೆಯಲ್ರೀ! ಇನ್ನೊಂದ್ಸಲ ಎಲ್ರೆದುರು ಅನ್ನಿಸ್ಕೊಳೋಕೆ ನನ್ ಕೈಲಾಗಲ್ಲ."

ಶುರುವಾಯಿತು ನನ್ನ ಶೃಂಗಾರ. ಅಡುಗೆ ಸೋಡಾ, ನಿಂಬೆರಸ ಹಾಕಿ ಕುದಿಸಿದಳು. ತೆಂಗಿನ ನಾರಿನಿಂದ ಉಜ್ಜಿದಳು. ಮೈ ಇನ್ನಷ್ಟು ಬೆಳ್ಳಗಾಯಿತು. ಆಮೇಲೆ ತವರಿನ ವಿದ್ಯೆ ನೆನಪಾಯಿತು: ಅರ್ಧ ಈರುಳ್ಳಿಯನ್ನು ಎಣ್ಣೆಗದ್ದಿ, ದೊಡ್ಡ ಉರಿಯಲ್ಲಿ ತಿಕ್ಕುವುದು. ಅದು ಕಬ್ಬಿಣದ ದೋಸೆ ಕಲ್ಲನ್ನು ಪಳಗಿಸುವ ರೀತಿ. ರಾಜಕುಮಾರಿಯನ್ನು ಎಮ್ಮೆಯಂತೆ ಪಳಗಿಸಲು ಹೊರಟಿದ್ದಳು ಪೆದ್ದಿ! ಉಳಿದಿದ್ದ ಲೇಪವೂ ಸುಟ್ಟು ಹೊಗೆಯಾಯಿತು. ಕೊನೆಗೆ ಆನ್‌ಲೈನಿನಲ್ಲಿ ತರಿಸಿದ ಯಾವುದೋ ಕಪ್ಪು ಬಣ್ಣದ ಸ್ಪ್ರೇ ಹೊಡೆದಳು. ಮುಪ್ಪಿನ ತಲೆಗೆ ಕಾಡಿಗೆ ಬಳಿದಂತೆ.

ಭಾನುವಾರ ಸರ್ವಮಂಗಳಾ ಮೊಮ್ಮಗಳನ್ನೂ ಎತ್ತಿಕೊಂಡು ಬಂದಳು. ನನ್ನನ್ನು ಕಂಡು, "ಪರವಾಗಿಲ್ವೇ, ಹೊಸದರ ಥರಾನೇ ಇಟ್ಕೊಂಡಿದೀಯ!" ಎಂದಳು. ಪಂಕಜಳ ಮುಖ ಹಿಗ್ಗಿದ್ದೇನು! ದೋಸೆಯೂ ಸರಾಗವಾಗಿ ಎದ್ದುಬಂತು. ಅಡಿಯಲ್ಲೆಲ್ಲ ಕಪ್ಪು ಚುಕ್ಕೆ.

"ಇದೇನೇ, ಎಳ್ಳು ಹಾಕಿದೀಯಾ?"

"ಹೂಂ, ಅತ್ತಿಗೆ. ಎಳ್ಳು."

ಇಂಥವರ ಮಾನಕ್ಕೆ ನಾನು ಬಣ್ಣ ಬಳಿಸಿಕೊಂಡೆನಲ್ಲ ಎಂದು ಹೇಸಿಕೊಂಡೆ.

ಸರ್ವಮಂಗಳಾ ಒಂದು ಚೂರು ಮುರಿದು, "ಆ ಅನ್ನು, ಪುಟ್ಟಾ," ಎಂದು ಮಗುವಿನ ಬಾಯಿಗೆ ಒಯ್ದಳು. ಪಂಕಜ ಧಾವಿಸಿ ಆ ಚೂರನ್ನೂ ತಟ್ಟೆಯನ್ನೂ ಕಿತ್ತುಕೊಂಡಳು.

"ಬೇಡಿ ಅತ್ತಿಗೆ! ಎಳ್ಳಲ್ಲ ಅದು, ಬಣ್ಣ. ತವಾ ಹಾಳು ಮಾಡ್ಬಿಟ್ಟೆ. ನಿಮಗೆ ಹೆದ್ರಿ ಬಣ್ಣ ಹೊಡ್ದೆ."

"ನನಗೆ ಅಷ್ಟೊಂದ್ ಹೆದ್ರಿಕೆನಾ?"

"ಹೂಂ."

ಸರ್ವಮಂಗಳಾ ಎದ್ದು, ಅಟ್ಟದಿಂದ ಹಳೆಯ ಕಬ್ಬಿಣದ ದೋಸೆ ಕಲ್ಲು ಇಳಿಸಿ, ತಾನೇ ದೋಸೆ ಹುಯ್ಯಲು ನಿಂತಳು.

ಈಗ ನಾನು ಹಿತ್ತಲಿನಲ್ಲಿ ಕನಕಾಂಬರದ ಕುಂಡದಡಿ ಕೆಸರು ಹಿಡಿಯುವ ತಟ್ಟೆ. ಮನುಷ್ಯರನ್ನು ಇಂದಿಗೂ ಲೆಕ್ಕಕ್ಕಿಡುವುದಿಲ್ಲ. ಒಂದು ಹೊಗಳಿಕೆಗಾಗಿ ಏನನ್ನು ಬೇಕಾದರೂ ಎಳ್ಳೆನ್ನುವ ಜಾತಿ ಅದು. ಆದರೆ ಬಂದ ಹೊಗಳಿಕೆಯನ್ನು ಎಸೆದು ತಟ್ಟೆ ಕಿತ್ತುಕೊಂಡ ಆ ಕೈ ಗಿಡಕ್ಕೆ ನೀರು ಹನಿಸುವಾಗ ಮಾತ್ರ, ನಾನು ಮುಖ ತಿರುಗಿಸುವುದಿಲ್ಲ.