ಗುಂಡುಬದನೆಯಂತೆ

ಮೂರ್ನಾಡಿನಿಂದ ಸ್ವಲ್ಪ ದೂರದ ಶಾಲೆಯೊಂದರಲ್ಲಿ ದಿವ್ಯಶ್ರೀ ಆರನೆಯ ತರಗತಿಗೆ ಕನ್ನಡ ಕಲಿಸುತ್ತಿದ್ದಳು. ಹೋಲಿಕೆಯ ಪಾಠ ಮುಗಿದ ದಿನ, ಮನೆಯವರನ್ನು ತರಕಾರಿಗಳಿಗೆ ಹೋಲಿಸಿ ಬರೆದು ತನ್ನಿ ಎಂದಳು.

ಮರುದಿನ ತರಗತಿಯಲ್ಲಿ ನಗುವೋ ನಗು. ಚೈತನ್ಯನ ಅಜ್ಜ ನಾಲ್ಕು ಸ್ವೆಟರ್ ತೊಟ್ಟು ಎಲೆಕೋಸಿನಂತೆ ಒಲೆಯ ಮುಂದೆ ಕೂರುತ್ತಾರಂತೆ. ದಿಗಂತನ ಚಿಕ್ಕಪ್ಪ ನುಗ್ಗೆಕಾಯಿ. ಅದೇ ಹುರುಪಿನಲ್ಲಿ ದಿವ್ಯಶ್ರೀ ಪೂಜಿತಾಳ ಪುಸ್ತಕ ತೆಗೆದು ಜೋರಾಗಿ ಓದಿದಳು: "ಅಮ್ಮನ ಎಡಗಣ್ಣು ಗುಂಡುಬದನೆಯಂತೆ ಊದಿ ಮಿಂಚುತ್ತದೆ."

ಮಕ್ಕಳು ಬೆಂಚು ಬಡಿದು ನಕ್ಕರು. ದಿವ್ಯಶ್ರೀಯೂ ನಕ್ಕಳು. ಮುಂದಿನ ಸಾಲುಗಳನ್ನು ಮಾತ್ರ ಅವಳಿಂದ ಗಟ್ಟಿಯಾಗಿ ಓದಲಾಗಲಿಲ್ಲ. "ಮೂರು ದಿನಕ್ಕೆ ಹಾಗಲಕಾಯಿಯಂತೆ ಹಸಿರಾಗುತ್ತದೆ. ಆಮೇಲೆ ಹಣ್ಣಾದ ಸೌತೆಯಂತೆ ಹಳದಿ. ಹಳದಿ ಹೋಗುವ ತನಕ ಅಮ್ಮ ಅಂಗಡಿಗೆ ಹೋಗುವುದಿಲ್ಲ."

ಪೂಜಿತಾ ಎದ್ದು ಬಂದು ಪುಸ್ತಕ ಕಿತ್ತುಕೊಂಡಳು.

ಹುಡುಗಿಯ ತಂದೆ ತೀರ್ಥಪ್ರಸಾದ್ ಶಾಲಾ ಸಮಿತಿಯ ಅಧ್ಯಕ್ಷ, ಮೆತ್ತಗೆ ಮಾತಾಡುವ ಮನುಷ್ಯ. ದಿವ್ಯಶ್ರೀ ಆ ಸಾಲುಗಳ ಬಗ್ಗೆ ಹೇಳಿದಾಗ ಮುಖ್ಯೋಪಾಧ್ಯಾಯರು, "ಗಂಡ ಹೆಂಡ್ತಿ ವಿಷಯ, ನಮಗ್ಯಾಕೆ ಮೇಡಂ?" ಎಂದರು. ದಿವ್ಯಶ್ರೀಗೂ ಹೆದರಿಕೆ ಇತ್ತು. ಆದರೆ ತಾನು ನಕ್ಕದ್ದು ಮತ್ತೆ ಮತ್ತೆ ನೆನಪಾಗುತ್ತಿತ್ತು. ಎರಡು ದಿನ ತಡೆದಳು. ಮೂರನೆಯ ದಿನ, ತೀರ್ಥಪ್ರಸಾದ್ ತೋಟಕ್ಕೆ ಹೋಗಿರುವ ಹೊತ್ತು ನೋಡಿ ಅವರ ಮನೆಗೆ ಹೋದಳು.

ಬಾಗಿಲು ತೆರೆದ ಪೂಜಿತಾಳ ಅಮ್ಮ ಯಮುನ ಸೆರಗನ್ನು ಕೆನ್ನೆಗೆ ಎಳೆದುಕೊಂಡಳು.

"ಎಂತ ಇಲ್ಲೆ ಟೀಚರೆ. ಬಚ್ಚಲಲ್ಲಿ ಜಾರಿ ಬಿದ್ದದ್."

"ಪೂಜಿತಾ ಬರೆದಿದ್ದಾಳೆ ಯಮುನಕ್ಕ. ಬಣ್ಣ ಹೇಗೆ ಬದಲಾಗುತ್ತೆ ಅಂತ, ಒಂದೊಂದು ದಿನದ್ದೂ."

ಯಮುನ ಹೊಸ್ತಿಲ ಮೇಲೇ ಕುಳಿತುಬಿಟ್ಟಳು. "ಜಾರಿ ಬಿದ್ದದ್ದು ಅಂತಲೇ ಅವ್ಳು ನಂಬಿದ್ದಾಳೆ ಅಂದ್ಕೊಂಡಿದ್ದೆ. ಎಷ್ಟು ಸಲ ಹೇಳಿದ್ದೆ ಅವ್ಳಿಗೆ!"

ದಿವ್ಯಶ್ರೀ ತನ್ನ ನಂಬರು ಬರೆದುಕೊಟ್ಟು ಬಂದಳು.

ಸೋಮವಾರ ಮಧ್ಯಾಹ್ನ ಯಮುನ ಕೈಚೀಲವೊಂದನ್ನು ಹಿಡಿದು ಶಾಲೆಗೆ ಬಂದು ಮಗಳನ್ನು ಕರೆದುಕೊಂಡು ಹೋದಳು. ನಾಲ್ಕು ಗಂಟೆಗೆ ತೀರ್ಥಪ್ರಸಾದ್ ಗೇಟಿನ ಬಳಿ ನಿಂತಿದ್ದ.

"ಎಲ್ಲಿಗೆ ಹೋದ್ರು, ನಿಮಗೆ ಗೊತ್ತುಂಟಾ ಟೀಚರೆ?"

"ಇಲ್ಲ ಸರ್."

"ಪರವಾಗಿಲ್ಲ," ಎಂದು ನಕ್ಕ. "ನಾನು ಹುಡುಕಿಕೊಳ್ತೇನೆ."

ಅವನ ಬೈಕು ತಿರುವು ದಾಟುವವರೆಗೂ ದಿವ್ಯಶ್ರೀ ಗೇಟಿನಲ್ಲೇ ನಿಂತು ನೋಡಿದಳು. ಸಂಜೆ ಯಮುನಳ ಫೋನು ಬಂತು. ಸಂಪಾಜೆಯಲ್ಲಿ ಅಣ್ಣನ ಮನೆ ಮುಟ್ಟಿದ್ದಾಳೆ. ನಾಳೆ ಪೊಲೀಸ್ ಸ್ಟೇಷನ್ನಿಗೆ ಹೋಗಬೇಕು, ಜೊತೆಗೆ ಬರುವಿರಾ ಎಂದು ಕೇಳಿದಳು.

"ಬರ್ತೀನಿ," ಎಂದಳು ದಿವ್ಯಶ್ರೀ. "ಒಂದು ನಿಮಿಷ ಪೂಜಿತಾಗೆ ಕೊಡಿ. ಅವಳ ಹತ್ರ ತಪ್ಪಾಯ್ತು ಅನ್ನಬೇಕು."

ಆ ಕಡೆ ಏನೋ ಪಿಸುಮಾತು. ಆಮೇಲೆ ಯಮುನಳ ದನಿ: "ಮಾತಾಡುದಿಲ್ಲ ಅಂತಾಳೆ ಟೀಚರೆ."