ಹೊಗೆಯಿಲ್ಲದ ಅಂಗಳ

ಗಾಳಿ ಅಳೆಯಲು ಬಂದ ವ್ಯಾನಿನ ನೆತ್ತಿಯ ಮುಚ್ಚಳ ಸರಿದದ್ದೇ ತಡ, ಅಂಗಳಕ್ಕೆ ಸಗಣಿನೀರು ಚಿಮುಕಿಸುತ್ತಿದ್ದ ವಸಂತಮ್ಮ ಬಕೆಟನ್ನು ಅಲ್ಲೇ ಕುಕ್ಕಿ ಆಕಾಶ ನೋಡಿದಳು. ಏನೂ ಕಾಣಲಿಲ್ಲ.

"ಈ ಲೇಸರ್ ಬೆಳಕು ಕಣ್ಣಿಗೆ ಬೀಳಲ್ಲ ಅಮ್ಮ," ಎಂದಳು ವ್ಯಾನಿನ ಜೊತೆ ಬಂದಿದ್ದ ವಿಜ್ಞಾನಿ ಲಾವಣ್ಯ. "ಮೇಲಕ್ಕೆ ಹೋಗಿ, ಹೊಗೆ ದೂಳಿಗೆ ತಾಗಿ ವಾಪಸ್ ಬರುತ್ತೆ. ಎಷ್ಟು ಎತ್ತರದಲ್ಲಿ ಎಷ್ಟು ಹೊಗೆ ಇದೆ, ಓಝೋನ್ ಎಷ್ಟಿದೆ, ಎಲ್ಲ ಗೊತ್ತಾಗುತ್ತೆ."

ಜಾವಗಲ್ಲಿನಲ್ಲಿ ನಿಲ್ಲಬೇಕಿದ್ದ ಗಾಡಿಯನ್ನು ಕಣಕಟ್ಟೆಯ ತನ್ನ ಅಂಗಳಕ್ಕೆ ತರಿಸಲು ವಸಂತಮ್ಮ ಪಟ್ಟ ಪಾಡು ಅಷ್ಟಿಷ್ಟಲ್ಲ. ಪಂಚಾಯ್ತಿಗೆ ಅಲೆದಲೆದು ಚಪ್ಪಲಿ ಸವೆದಿತ್ತು. ಬೇಲಿಯಾಚೆಗೇ ಸಿದ್ದಬಸಪ್ಪ ತೆಂಗಿನ ಚಿಪ್ಪು ಸುಟ್ಟು ಇದ್ದಿಲು ಮಾಡುವ ಗುಂಡಿಗಳಿದ್ದವು. ಆ ಹೊಗೆಗೆ ಪಿಯುಸಿ ಓದುವ ಮಗಳು ಭವ್ಯಾಳ ಎದೆ ಗೊರಗೊರ ಎನ್ನುತ್ತಿತ್ತು. ಅಳತೆಯಲ್ಲಿ ಹೊಗೆ ಸಿಕ್ಕಿದರೆ ಗುಂಡಿಗಳನ್ನು ಊರಾಚೆಗೆ ಸಾಗಿಸುತ್ತೇವೆ ಎಂದು ಪಂಚಾಯ್ತಿಯವರು ಮಾತು ಕೊಟ್ಟಿದ್ದರು.

ಸಿದ್ದಬಸಪ್ಪನಿಗೆ ಮಾತ್ರ ಇದನ್ನು ಅವಳು ಹೇಳಿರಲಿಲ್ಲ. ಹೇಳುವುದಾದರೂ ಹೇಗೆ? ಭವ್ಯಾಳಿಗೆ ಉಸಿರು ಕಟ್ಟಿದಾಗಲೆಲ್ಲ ಬೈಕ್ ತೆಗೆದು ಅರಸೀಕೆರೆ ಆಸ್ಪತ್ರೆಗೆ ಓಡುತ್ತಿದ್ದವನು ಅವನೇ. "ಮಳೆ ನೋಡೋ ಗಾಡಿ ಬತ್ತೈತೆ ಕಣಣ್ಣ" ಎಂದುಬಿಟ್ಟಿದ್ದಳು.

ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ಚೆನ್ನಾಗಿತ್ತು. ಬೀದಿಯಲ್ಲಿ ಯಾರ ಮನೆಯಲ್ಲಿ ಮದುವೆ, ನಾಮಕರಣವಾದರೂ ಸಿದ್ದಬಸಪ್ಪ ಗುಂಡಿಗೆ ಬೆಂಕಿ ಹಾಕದಿರುವುದು ವಾಡಿಕೆ. ಆ ಅಭ್ಯಾಸಬಲದಿಂದ ಇವಳೂ ಕೇಳಿಬಿಟ್ಟಳು: "ಗಾಡಿಯೋರು ಹೋಗೋಗಂಟ ಹೊಗೆ ಬ್ಯಾಡ ಅಣ್ಣ. ಮನೆಗೆ ಬಂದೋರ ಕಣ್ಣು ಉರೀತವೆ." ವರ್ಷಗಟ್ಟಲೆಯ ಹೊಗೆ ಮೇಲೆ ಮೋಡದ ಹಾಗೆ ಕಟ್ಟಿಕೊಂಡು ಕೂತಿರುತ್ತದೆ, ಎರಡು ದಿನ ಬೆಂಕಿ ಹಾಕದಿದ್ದರೆ ಅದೆಲ್ಲಿಗೆ ಹೋದೀತು ಎಂಬುದು ಅವಳ ಎಣಿಕೆ.

"ಅದ್ಕೇನಂತೆ ಬುಡು ತಾಯಿ," ಎಂದಿದ್ದ ಸಿದ್ದಬಸಪ್ಪ. ಹೇಳಿದ ಮಾತಿಗೆ ತಪ್ಪದೆ ಗುಂಡಿಗಳ ಬಾಯಿ ಮುಚ್ಚಿದ್ದ. ವ್ಯಾನು ಬಂದ ರಾತ್ರಿ ಭವ್ಯಾ ಕಿಟಕಿ ತೆರೆದಿಟ್ಟುಕೊಂಡು ಮಲಗಿದಳು, ಒಮ್ಮೆಯೂ ಕೆಮ್ಮಲಿಲ್ಲ.

ಮರುದಿನ ಸಂಜೆ ಲಾವಣ್ಯ ವ್ಯಾನಿನೊಳಗಿನ ಪರದೆ ತೋರಿಸಿದಳು. ನೀಲಿ ಬಣ್ಣ ಬಿಟ್ಟರೆ ಬೇರೇನಿಲ್ಲ. "ನಿಮ್ಮ ಕಡೆ ಗಾಳಿ ತುಂಬ ಚೆನ್ನಾಗಿದೆ ಅಮ್ಮ."

ಹೊಗಳಿಕೆ ಕೇಳಿ ಮೊದಲು ಹಿಗ್ಗಿಯೇಬಿಟ್ಟಳು, ಪಾಪ. ಆಮೇಲೆ ಕೇಳಿದಳು: "ಹಳೇ ಹೊಗೆ ಮ್ಯಾಲೆ ಇರಬೇಕಲ್ಲ ಮೇಡಂ?"

"ಹಳೇದೆಲ್ಲ ಯಾವತ್ತೋ ಗಾಳಿಗೆ ಚದುರಿ ಹೋಗಿರುತ್ತೆ. ನಮಗೆ ಸಿಗೋದು ಈಗ ಇರೋದು ಮಾತ್ರ."

ವಸಂತಮ್ಮ ಬಾಯಿಗೆ ಬಂದ ತುತ್ತನ್ನು ಕೈಯಾರೆ ಚೆಲ್ಲಿಕೊಂಡಿದ್ದಳು.

ಅವಳ ಮುಖ ನೋಡಿ ಲಾವಣ್ಯಳಿಗೂ ಅನುಮಾನ ಬಂತು. "ಈ ಎರಡು ದಿನ ಎಲ್ಲ ಮಾಮೂಲಿನ ಹಾಗೇ ಇತ್ತು ತಾನೆ? ಇಲ್ಲ ಅಂದ್ರೆ ಹೇಳಿ, ಇನ್ನೊಂದು ದಿನ ಇದ್ದು ಅಳೀತೀವಿ, ಬಾಣಾವರಕ್ಕೆ ನಾಳೆ ಬದಲು ನಾಡಿದ್ದು ಹೋದ್ರಾಯ್ತು."

ಹೇಳಬೇಕೆಂದು ಬಾಯಿ ತೆರೆದಳು. ಆಗಲೇ ಸಿದ್ದಬಸಪ್ಪ ಕೆತ್ತಿದ ಎಳನೀರು ಹಿಡಿದು ಅಂಗಳಕ್ಕೆ ಬಂದ. "ಕುಡೀರಿ ಮೇಡಂ, ನಮ್ ತ್ವಾಟದ್ದೇ." ವಸಂತಮ್ಮನತ್ತ ತಿರುಗಿ, ಎಲ್ಲ ಸರಿಹೋಯಿತಾ ಎನ್ನುವಂತೆ ನಕ್ಕ. ಅವಳಿಗೆ ಬಿಸಿತುಪ್ಪ ಬಾಯಲ್ಲಿಟ್ಟ ಹಾಗಾಯಿತು.

"ಹೇಳಿ ಅಮ್ಮ, ಮಾಮೂಲೇ ತಾನೆ?"

"ಹೂಂ ಮೇಡಂ," ಎಂದಳು ವಸಂತಮ್ಮ, ನೆಲ ನೋಡುತ್ತಾ. "ಮಾಮೂಲೇ."

ಬೆಳಿಗ್ಗೆ ವ್ಯಾನು ಅವಳು ಬಿಟ್ಟಿದ್ದ ರಂಗೋಲಿಯ ಮೇಲೆ ಚಕ್ರ ಹಾಯಿಸಿಕೊಂಡು ಹೊರಟುಹೋಯಿತು. ಅದು ತಿರುವಿನಲ್ಲಿ ಮರೆಯಾಗುವವರೆಗೂ ನಿಂತಿದ್ದಳು. ಓಡಿಹೋಗಿ ಕೂಗಿದ್ದರೆ ನಿಲ್ಲುತ್ತಿತ್ತೇನೋ. ಓಡಲಿಲ್ಲ. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಬೇಲಿಯಾಚೆಯಿಂದ ಸಿದ್ದಬಸಪ್ಪನ ದನಿ ಕೇಳಿತು. "ನೆಂಟ್ರು ಹೊರಟ್ರಲ್ಲ, ಇನ್ನು ಹಚ್ಲೇನವ್ವ?"

ಕೇಳದೆಯೇ ಹಚ್ಚಿಬಿಟ್ಟಿದ್ದರೆ ಎಷ್ಟೋ ವಾಸಿಯಿತ್ತು.

"ಹಚ್ಚಣ್ಣ," ಎಂದಳು.

ಕಡ್ಡಿ ಗೀರಿದ ಸದ್ದಾಯಿತು. ಒಳಗಿನಿಂದ ಭವ್ಯಾ ಕೂಗಿದಳು: "ಅಮ್ಮಾ, ಕಿಟಕಿ ಇವತ್ತೂ ತೆಗ್ದೇ ಇರ್ಲಾ?"

ವಸಂತಮ್ಮ ಒಳಗೆ ಹೋಗಿ ಒಂದೊಂದಾಗಿ ಕಿಟಕಿಗಳನ್ನು ಮುಚ್ಚತೊಡಗಿದಳು.